ಹಳೆಯ ಇಟ್ಟಿಗೆಯ ತಳಪಾಯಗಳೂ ನೀರಿನ ಬಾಧೆಯೂ

“ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ” ಎಂಬ ಗಾದೆಯು ಹೊಲವನ್ನು ಕುರಿತು ಹುಟ್ಟಿದುದೇ ಹೊರತು ಮನೆಯನ್ನು ಕುರಿತು ಹುಟ್ಟಿದುದಲ್ಲ. ಹೊಲಕ್ಕೆ ಹದವನ್ನು ತರುವ ಮಳೆಯೇ, ಹರಿದು ಹೋಗುವ ದಾರಿಯನ್ನು ಕಾಣದೆ ಗೋಡೆಯ ಬುಡದಲ್ಲಿ ನಿಂತಿತಾದರೆ, ಮುತ್ತಜ್ಜನ ಕಾಲದಿಂದ ನಿಂತಿದ್ದ ಮನೆಯನ್ನು ಒಂದು ರಾತ್ರಿಯಲ್ಲಿ ನೆಲಸಮ ಮಾಡುವುದು. 2009 ನೆಯ ಇಸವಿ ಸೆಪ್ಟೆಂಬರ್ ತಿಂಗಳ ಕಡೆಯಲ್ಲಿಯೂ ಅಕ್ಟೋಬರ್ ತಿಂಗಳ ಮೊದಲಲ್ಲಿಯೂ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಎಡೆಬಿಡದೆ ಸುರಿದ ಮಳೆಯಿಂದ ಇನ್ನೂರಕ್ಕೆ ಮೇಲ್ಪಟ್ಟು ಜನರು ಪ್ರಾಣ ಕಳೆದುಕೊಂಡರು. ಲಕ್ಷಗಟ್ಟಲೆ ಮನೆಗಳು ಬಿದ್ದುಹೋದವು ಇಲ್ಲವೆ ಜಖಮಾದವು. 2024 ನೆಯ ಇಸವಿ ಮೇ ತಿಂಗಳಲ್ಲಿ ಹಂಪೆಯ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗವು ಜೋರು ಮಳೆಯ ತರುವಾಯ ಕುಸಿದು ಬಿದ್ದಿತು. ಶತಮಾನಗಳ ಕಾಲ ನಿಂತ ಕಲ್ಲುಕಂಬಗಳಿಗೇ ಈ ಗತಿಯಾದ ಮೇಲೆ, ಮಣ್ಣನ್ನು ಸುಟ್ಟು ಮಾಡಿದ ಇಟ್ಟಿಗೆಯ ಪಾಡನ್ನು ಬೇರೆ ಹೇಳಬೇಕಾದುದಿಲ್ಲ.

ಇಂತಹ ಕೇಡಿನಲ್ಲಿ ದೈವವಶದಿಂದ ಆಗತಕ್ಕದ್ದು ಸ್ವಲ್ಪ. ಮನುಷ್ಯರ ಅಜಾಗರೂಕತೆಯಿಂದ ಆಗತಕ್ಕದ್ದು ಬಹಳ. ಹಳೆಯ ತಳಪಾಯವು ಕೆಡುತ್ತಿದೆಯೆಂದು ಕಂಡೊಡನೆ ಜನರು ಗೌಂಡಿಯನ್ನು ಕರೆಯಿಸಿ ಸಿಮೆಂಟು ಬಳಿಯಿಸುವರು. ಆದರೆ ನೀರು ಎಲ್ಲಿಂದ ಬರುತ್ತಿದೆಯೆಂಬುದನ್ನು ಹುಡುಕಿ ಅದನ್ನು ದೂರಕ್ಕೆ ತಿರುಗಿಸುವುದೇ ಮೊದಲನೆಯ ಕೆಲಸವು. ಗೋಡೆಯ ದುರಸ್ತು ಎರಡನೆಯದು. ಈ ಕ್ರಮವು ತಲೆಕೆಳಗಾದರೆ ಹಣವೂ ಹೋಗುವುದು, ಗೋಡೆಯೂ ಉಳಿಯಲಾರದು.

ಈ ಸೀಮೆಯ ಮಳೆ, ಮಣ್ಣು, ಮನೆಗಳು

2021 ನೆಯ ಇಸವಿಯಲ್ಲಿ ಏರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯು ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಅದರ ಸುತ್ತಲಿನ ಸೀಮೆಯಲ್ಲಿಯೂ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಗಳಲ್ಲಿಯೂ ಮಳೆಯು ಕಡಿಮೆ. ಆದಕಾರಣ ನೀರಿನಿಂದ ಮನೆ ಕೆಡುವುದೆಂಬ ಮಾತು ಮಲೆನಾಡಿನವರಿಗೆ ಹೇಳತಕ್ಕದ್ದೆಂದು ಇಲ್ಲಿನ ಜನರು ಭಾವಿಸುವುದು ಸಹಜವೇ. ಆದರೆ ವರ್ಷದ ಮಳೆಯಲ್ಲಿ ದೊಡ್ಡ ಪಾಲು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ, ಕೆಲವೇ ದಿನಗಳೊಳಗೆ, ಒಮ್ಮೆಗೆ ಸುರಿದುಬಿಡುವುದು. ಎಂಟು ತಿಂಗಳು ಒಣಗಿ ಬಿರಿದಿದ್ದ ನೆಲವು ಎಂಟು ದಿನಗಳಲ್ಲಿ ನೆನೆಯುವುದು. ಒಣಗುವುದೂ ನೆನೆಯುವುದೂ ಹೀಗೆ ಥಟ್ಟನೆ ಬದಲಾಯಿಸುವುದೇ ತಳಪಾಯಕ್ಕೆ ಹೆಚ್ಚು ಅಪಾಯಕರ.

ಈ ಭಾಗದಲ್ಲಿ ಕೆಂಪು ಮಸಾರಿಯ ನೆಲ ಹೆಚ್ಚು; ಅಲ್ಲಲ್ಲಿ ಎರೆನೆಲವುಂಟು. ಮಸಾರಿಯಲ್ಲಿ ನೀರು ಬೇಗನೆ ಇಳಿದುಹೋಗುವುದು. ಎರೆಮಣ್ಣಾದರೋ ನೀರನ್ನು ಕುಡಿದು ಉಬ್ಬುವುದು, ಬೇಸಗೆಯಲ್ಲಿ ಕುಗ್ಗಿ ಬಾಯಿ ಬಿಡುವುದು. ಅದರ ಮೇಲೆ ಕಟ್ಟಿದ ಗೋಡೆಯು ಪ್ರತಿ ವರ್ಷವೂ ಸ್ವಲ್ಪ ಏರಿ ಸ್ವಲ್ಪ ಇಳಿಯುವುದರಿಂದ ಇಟ್ಟಿಗೆಯ ಸಂದುಗಳು ಬಿಡುವುವು.

ಕಲ್ಲು ಹೇರಳವಾಗಿ ಸಿಕ್ಕುವ ಈ ಸೀಮೆಯಲ್ಲಿ ಮನೆಯ ಪಾಯಕ್ಕೆ ಕಲ್ಲನ್ನೇ ಉಪಯೋಗಿಸುವುದು ರೂಢಿ. ಹಂಪೆಯ ವಿರೂಪಾಕ್ಷ ದೇವಾಲಯದ ದೊಡ್ಡ ಗೋಪುರದಲ್ಲಿ ಕೆಳಗಿನ ಭಾಗವು ಕಲ್ಲಿನದಾಗಿಯೂ ಮೇಲಿನ ನೆಲೆಗಳು ಇಟ್ಟಿಗೆ ಗಾರೆಗಳಿಂದ ಕಟ್ಟಿದವಾಗಿಯೂ ಇರುವುದನ್ನು ಅನೇಕರು ನೋಡಿರುವರು. ಅಲ್ಲಿ ಇಟ್ಟಿಗೆಗೆ ನೆಲದ ತೇವವು ತಗಲುವಂತಿಲ್ಲ. ಇದಕ್ಕೆ ಪ್ರತಿಯಾಗಿ ಇಟ್ಟಿಗೆಯನ್ನೇ ನೆಲದೊಳಗೆ ಇಟ್ಟು ಕಟ್ಟಿದ ಹಳೆಯ ಮನೆ, ಉಗ್ರಾಣ, ದನದ ಕೊಟ್ಟಿಗೆಗಳಲ್ಲಿ ಇಟ್ಟಿಗೆಯು ಯಾವಾಗಲೂ ತೇವದ ನೆರೆಯಲ್ಲಿಯೇ ಇರುವುದು. ಕೆಳಗೆ ಕಲ್ಲಿದ್ದು ನೆಲಮಟ್ಟದಿಂದ ಇಟ್ಟಿಗೆ ಆರಂಭವಾಗುವ ಗೋಡೆಗಳಲ್ಲಿಯೂ, ಬೀದಿಯು ಎತ್ತರವಾಗುತ್ತ ಬಂದ ಹಾಗೆ ಇಟ್ಟಿಗೆಯು ನೆಲದೊಳಕ್ಕೆ ಸೇರಿಹೋಗಿರುವುದುಂಟು.

ಇನ್ನೊಂದು ವಿಷಯವನ್ನು ಲಕ್ಷ್ಯದಲ್ಲಿಡಬೇಕು. ಬಳ್ಳಾರಿ ಸೀಮೆಯ ಮಾಳಿಗೆ ಮನೆಗಳ ಮೇಲೆ ಚೌಳುಮಣ್ಣನ್ನು ಹಾಸುವ ಪದ್ಧತಿಯು ಬಹುಕಾಲದಿಂದ ಬಂದುದು. ಚೌಳುಮಣ್ಣು ನೆನೆದಾಗ ಅಂಟಾಗಿ ಮುಚ್ಚಿಕೊಂಡು ನೀರನ್ನು ಕೆಳಗೆ ಬಿಡದಿರುವುದರಿಂದ ಈ ಪದ್ಧತಿಯು ಬುದ್ಧಿವಂತಿಕೆಯದೇ ಸರಿ. ಆದರೆ ಅದರ ಮೇಲೆ ಹರಿದ ನೀರು ಉಪ್ಪನ್ನು ಕರಗಿಸಿಕೊಂಡು ಕೆಳಕ್ಕೆ ಬರುವುದು. ಹರನಾಳಿಗೆಯು ಗಿಡ್ಡವಾಗಿದ್ದರೆ ಈ ಉಪ್ಪುನೀರೆಲ್ಲವೂ ಗೋಡೆಯ ಬುಡಕ್ಕೇ ಸೇರುವುದು.

ನೀರು ಇಟ್ಟಿಗೆಯನ್ನು ಕೆಡಿಸುವ ಬಗೆ

ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ ಇಟ್ಟಿಗೆಯೂ ಗಾರೆಯೂ ನೆಲದ ತೇವವನ್ನು ಮೇಲಕ್ಕೆ ಎಳೆಯುವುವು. ಈ ತೇವವು ಸಾಮಾನ್ಯವಾಗಿ ಎರಡು ಮೂರು ಅಡಿಗಳ ಎತ್ತರಕ್ಕೆ, ಕೆಲವು ಕಡೆ ಅದಕ್ಕಿಂತಲೂ ಮೇಲಕ್ಕೆ ಏರುವುದು. ಗೋಡೆಯ ಮೈಯನ್ನು ಸೇರಿದ ನೀರು ಗಾಳಿಗೆ ಆರಿಹೋಗುವುದು. ಆದರೆ ಅದರಲ್ಲಿ ಕರಗಿದ್ದ ಉಪ್ಪು ಆರದೆ ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ಹರಳುಗಟ್ಟಿ ನಿಲ್ಲುವುದು. ಹರಳು ಬೆಳೆದಂತೆಲ್ಲಾ ರಂಧ್ರಗಳ ಗೋಡೆಗಳನ್ನು ಒಡೆಯುವುದು. ಇಟ್ಟಿಗೆಯ ಮುಖವು ಕೆಂಪು ಪುಡಿಯಾಗಿ ಉದುರುವುದಕ್ಕೂ, ಗೋಡೆಯ ಮೇಲೆ ಬಿಳಿಯ ಹೂವಿನಂತೆ ಉಪ್ಪು ಅರಳುವುದಕ್ಕೂ ಇದೇ ಕಾರಣ. ಗಂಜಲವು ಇಂಗಿದ ನೆಲದಲ್ಲಿ ಪೆಟ್ಲುಪ್ಪು ಹುಟ್ಟುವುದರಿಂದ ಕೊಟ್ಟಿಗೆಯ ಗೋಡೆಗಳು ಎಲ್ಲಕ್ಕಿಂತಲೂ ಮೊದಲು ಸವೆಯುವುವು.

ಎರಡನೆಯ ಕೇಡು ನೆಲದೊಳಗೆ ನಡೆಯುವುದು. ಒಂದೇ ಕಡೆಯಲ್ಲಿ ಸುರಿಯುವ ನೀರು ಪಾಯದ ಕೆಳಗಿನ ಮಣ್ಣನ್ನು ಮೆತ್ತಗೆ ಮಾಡಿ ಕೊಚ್ಚಿಕೊಂಡು ಹೋಗುವುದು. ಆಗ ಗೋಡೆಯ ಆ ಭಾಗವು ಕುಸಿದು, ಇಟ್ಟಿಗೆಗಳ ಸಂದುಗಳ ಮೂಲಕ ಮೆಟ್ಟಿಲಿನಂತೆ ಓರೆಯಾಗಿ ಬಿರುಕು ಏಳುವುದು. ಮೂರನೆಯದು, ತೇವವಿರುವ ಕಡೆಗೆ ಗೆದ್ದಲು ಬರುವುದು. ಅದು ಗೋಡೆಯ ಬುಡದಿಂದ ಕಂಬ ತೊಲೆಗಳಿಗೆ ಏರುವುದು. ಗೋಡೆಗೆ ಒತ್ತಿಟ್ಟ ಜೋಳದ ಚೀಲಗಳು ಬೂಸಲು ಹಿಡಿಯುವುವು. ವರ್ಷದ ದುಡಿಮೆಯ ಫಲವಾದ ಕಾಳನ್ನೂ ಬಿತ್ತನೆಯ ಬೀಜವನ್ನೂ ಇಡುವ ಕೋಣೆಯ ತಳಪಾಯವು ಕೆಟ್ಟರೆ ನಷ್ಟವು ಮನೆಗೆ ಮಾತ್ರವಲ್ಲ, ಬೇಸಾಯಕ್ಕೂ ತಗಲುವುದು.

ನೀರಿನ ಲೆಕ್ಕ

ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 50 ಘನ ಅಡಿ, ಎಂದರೆ ಸುಮಾರು 1,400 ಲೀಟರ್ ನೀರಾಗುವುದು. ಹದಿನೈದು ಲೀಟರ್ ಹಿಡಿಯುವ ಕೊಡದ ಲೆಕ್ಕದಲ್ಲಿ ಇದು ತೊಂಬತ್ತಕ್ಕೂ ಹೆಚ್ಚು ಕೊಡಗಳು. ಒಂದು ಸಂಜೆಯ ಮಳೆಯಲ್ಲಿ ಇಷ್ಟು ಕೊಡ ನೀರನ್ನು ಯಾರಾದರೂ ತಮ್ಮ ಮನೆಯ ಮೂಲೆಯ ಪಾಯಕ್ಕೆ ತಂದು ಸುರಿದರೆ ಮನೆಯ ಯಜಮಾನನು ಸುಮ್ಮನಿರಲಾರನು. ತನ್ನ ಹರನಾಳಿಗೆಯು ಅದೇ ಕೆಲಸವನ್ನು ಮಾಡುತ್ತಿದ್ದರೂ ನೋಡುವುದಿಲ್ಲ. ಇಪ್ಪತ್ತು ಅಂಗುಲ ಮಳೆಯಾದ ವರ್ಷದಲ್ಲಿ ಅದೇ ಮಾಳಿಗೆಯಿಂದ ಸುಮಾರು 28,000 ಲೀಟರ್ ನೀರು ಕೆಳಗೆ ಬೀಳುವುದು.

ಬಚ್ಚಲಿನ ಲೆಕ್ಕವು ಇದಕ್ಕಿಂತಲೂ ದೊಡ್ಡದು. ಆರು ಮಂದಿಯ ಸಂಸಾರದಲ್ಲಿ ಒಬ್ಬೊಬ್ಬರ ಸ್ನಾನಕ್ಕೆ ದಿನಕ್ಕೆ ಮೂವತ್ತು ಲೀಟರ್ ಎಂದು ಹಿಡಿದರೂ ವರ್ಷಕ್ಕೆ 65,000 ಲೀಟರಿಗೆ ಮೀರುವುದು. ಮಳೆಯ ನೀರಿನ ಎರಡರಷ್ಟಕ್ಕಿಂತ ಹೆಚ್ಚಾದ ಈ ನೀರು, ಮಳೆಯಿಲ್ಲದ ಕಾಲದಲ್ಲಿಯೂ ಒಂದು ದಿನವೂ ತಪ್ಪದೆ, ಒಂದೇ ಗೋಡೆಯ ಹಿಂದೆ ಬೀಳುತ್ತಿರುವುದು. ಹಿಂದೆ ಬಾವಿಯಿಂದ ಹೊತ್ತು ತರುವಾಗ ನೀರನ್ನು ಮಿತವಾಗಿ ಬಳಸುತ್ತಿದ್ದರು. 2019 ನೆಯ ಇಸವಿಯಲ್ಲಿ ಜಲಜೀವನ ಯೋಜನೆಯು ಆರಂಭವಾದಂದಿನಿಂದ ಹಳ್ಳಿಯ ಮನೆಮನೆಗೂ ನಲ್ಲಿಗಳು ಬರುತ್ತಿರುವುವು. ಇದು ಹೆಣ್ಣುಮಕ್ಕಳ ಕಷ್ಟವನ್ನು ತಪ್ಪಿಸಿದ ದೊಡ್ಡ ಉಪಕಾರವು. ಆದರೆ ಮನೆಯೊಳಕ್ಕೆ ಬಂದ ನೀರಿಗೆ ಹೊರಕ್ಕೆ ಹೋಗುವ ದಾರಿಯನ್ನೂ ಮಾಡದಿದ್ದರೆ ಅದು ಪಾಯಕ್ಕೇ ಇಳಿಯುವುದು.

ತಳಪಾಯವನ್ನು ಪರೀಕ್ಷಿಸುವ ಕ್ರಮ

ಜೋರು ಮಳೆ ಬರುವಾಗ ಮನೆಯ ಸುತ್ತಲೂ ಒಮ್ಮೆ ನಡೆದು ನೋಡುವುದಕ್ಕಿಂತ ಉತ್ತಮವಾದ ಪರೀಕ್ಷೆಯಿಲ್ಲ. ನೀರು ಎಲ್ಲಿ ಬೀಳುವುದು, ಎಲ್ಲಿ ನಿಲ್ಲುವುದು, ಯಾವ ಕಡೆಗೆ ಹರಿಯುವುದು ಎಂಬುದು ಆಗ ತಾನೇ ತೋರುವುದು. ತೇವದ ಗುರುತು ಗೋಡೆಯ ಉದ್ದಕ್ಕೂ ಒಂದೇ ಮಟ್ಟದಲ್ಲಿದ್ದರೆ ಅದು ನೆಲದಿಂದ ಏರಿದ ತೇವವು. ಒಂದು ಮೂಲೆಯಲ್ಲಿ ಮಾತ್ರ ಇದ್ದರೆ ಹರನಾಳಿಗೆಯದೋ ಬಚ್ಚಲಿನದೋ ನಲ್ಲಿಯ ಕೊಳವೆಯದೋ ದೋಷವು. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಗಿಲಾವು ಗೋಡೆಯನ್ನು ಬಿಟ್ಟಿದೆಯೆಂದು ತಿಳಿಯತಕ್ಕದ್ದು.

ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿರುವುದೋ ಎಂಬುದನ್ನು ಅರಿಯುವುದು ಅವಶ್ಯಕ. ಬಿರುಕಿಗೆ ಅಡ್ಡಲಾಗಿ ಎರಡು ಮೂರು ಕಡೆ ತೆಳುವಾದ ಗಾರೆಯ ಪಟ್ಟಿಯನ್ನು ಬಳಿದು, ಅದರ ಮೇಲೆ ತಾರೀಖನ್ನು ಗೀಚಿಡಬೇಕು. ಒಂದು ಮಳೆಗಾಲವೂ ಒಂದು ಬೇಸಗೆಯೂ ಕಳೆದ ಮೇಲೆ ಪಟ್ಟಿಯು ಒಡೆಯದಿದ್ದರೆ ಗೋಡೆಯು ಸ್ಥಿರವಾಗಿದೆಯೆಂದು ಅರ್ಥ. ಕೆಲವೇ ದಿನಗಳಲ್ಲಿ ಒಡೆದರೆ, ಇಲ್ಲವೆ ಗೋಡೆಯು ಹೊಟ್ಟೆ ಬಿಟ್ಟಂತೆ ಹೊರಕ್ಕೆ ಬಾಗಿದ್ದರೆ, ಅಲ್ಲಿ ಜನರೂ ದನಗಳೂ ಮಲಗಕೂಡದು; ತಡಮಾಡದೆ ಬಲ್ಲ ಎಂಜಿನಿಯರಿಗೆ ತೋರಿಸತಕ್ಕದ್ದು. ಮಳೆ ನಿಂತಿತೆಂದು ಧೈರ್ಯಗೊಳ್ಳಬಾರದು. ನೆನೆದ ಗೋಡೆಯು ಮಳೆ ನಿಂತ ಮರುದಿನವೂ ಬೀಳಬಹುದು.

ನೀರನ್ನು ದೂರ ಮಾಡುವ ಉಪಾಯಗಳು

ಹರನಾಳಿಗೆಯ ನೀರು ಗೋಡೆಯಿಂದ ಕನಿಷ್ಠ ಮೂರು ಅಡಿ ಆಚೆಗೆ ಬೀಳುವಂತೆ ಅದನ್ನು ಉದ್ದ ಮಾಡಬೇಕು. ಇಲ್ಲವೆ ಕೊಳವೆಯನ್ನು ಜೋಡಿಸಿ ನೆಲದವರೆಗೂ ಇಳಿಸಿ ಕಾಲುವೆಗೆ ಸೇರಿಸಬೇಕು. ನೀರು ಬೀಳುವ ಸ್ಥಳದಲ್ಲಿ ಒಂದು ಚಪ್ಪಡಿಯನ್ನು ಹಾಸಿದರೆ ನೆಲ ಕೊರೆಯುವುದಿಲ್ಲ. ಗೋಡೆಯ ಸುತ್ತಲೂ ಮೂರಡಿ ಅಗಲಕ್ಕೆ ಗರಸನ್ನು ಹಾಕಿ, ನೀರು ಚಿಮುಕಿಸಿ ದಿಮ್ಮಸು ಹೊಡೆದು, ಹೊರಕ್ಕೆ ಮೂರು ಅಂಗುಲ ಇಳಿಜಾರು ಕೊಡಬೇಕು. ಇದಕ್ಕೆ ಎರೆಮಣ್ಣನ್ನಾಗಲಿ ಚೌಳುಮಣ್ಣನ್ನಾಗಲಿ ಉಪಯೋಗಿಸಕೂಡದು. ಇಳಿಜಾರಿನ ಆಚೆ ಸಣ್ಣ ಕಾಲುವೆಯನ್ನು ತೆಗೆದು ನೀರನ್ನು ಹಿತ್ತಲಿಗೋ ಬೀದಿಯ ಚರಂಡಿಗೋ ಬಿಡಬೇಕು. ಈ ಕಾಲುವೆಯು ಪಾಯದ ತಳಕ್ಕಿಂತ ಆಳವಾಗಬಾರದು. ಹಳೆಯ ಮನೆಗಳ ಪಾಯವು ಅನೇಕ ವೇಳೆ ಆಳವಿಲ್ಲದ್ದು. ಅದರ ಪಕ್ಕದಲ್ಲಿ ಆಳವಾದ ತಗ್ಗು ತೋಡಿದರೆ ನೀರು ಮಾಡದ ಕೇಡನ್ನು ಸಲಿಕೆಯೇ ಮಾಡುವುದು.

ಬಚ್ಚಲ ನೀರನ್ನು ಇಂಗುಗುಂಡಿಗೆ ಬಿಡುವುದಕ್ಕಿಂತ ಗಿಡಗಳಿಗೆ ಹಾಯಿಸುವುದು ಮೇಲು. ಹಿತ್ತಲಿನಲ್ಲಿ ಗೋಡೆಯಿಂದ ದೂರವಾಗಿ ನಾಲ್ಕು ಬಾಳೆ, ಎರಡು ತೆಂಗಿನ ಗಿಡಗಳನ್ನು ಹಾಕಿದರೆ ಪಾಯಕ್ಕೆ ಶತ್ರುವಾಗಿದ್ದ ನೀರೇ ಮನೆಗೆ ಫಲವನ್ನು ಕೊಡುವುದು. ಹಿತ್ತಲಿಲ್ಲದವರು ಮೂರಡಿ ಚೌಕ, ಮೂರಡಿ ಆಳದ ಗುಂಡಿಯನ್ನು ಕಲ್ಲು ತುಂಬಿ ಮಾಡಬಹುದು. ಅದು ಗೋಡೆಯಿಂದ ಹತ್ತು ಅಡಿಗಳಿಗೆ ಕಡಿಮೆಯಿಲ್ಲದಂತೆಯೂ, ಕುಡಿಯುವ ನೀರಿನ ಬಾವಿಯಿಂದ ಐವತ್ತು ಅಡಿಗಳಿಗೆ ಕಡಿಮೆಯಿಲ್ಲದಂತೆಯೂ ಇರತಕ್ಕದ್ದು.

ತಿಪ್ಪೆಯನ್ನು ಗೋಡೆಗೆ ಒತ್ತಿ ಹಾಕುವುದು ಎರಡು ಪಟ್ಟು ನಷ್ಟವು. ತಿಪ್ಪೆಯ ರಸವು ಗೋಡೆಯನ್ನು ತಿನ್ನುವುದು. ಹೊಲಕ್ಕೆ ಸೇರಬೇಕಾದ ಸತ್ವವು ಪಾಯಕ್ಕೆ ಇಂಗಿ ವ್ಯರ್ಥವಾಗುವುದು. ತಿಪ್ಪೆಯನ್ನು ಮನೆಯಿಂದ ದೂರವಾಗಿ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿದರೆ ಗೋಡೆಯೂ ಉಳಿಯುವುದು, ಗೊಬ್ಬರವೂ ಹದವಾಗುವುದು. ಕೊಟ್ಟಿಗೆಯ ನೆಲಕ್ಕೆ ಚಪ್ಪಡಿ ಹಾಸಿ, ಗೋದಲಿಯ ಕಡೆಯಿಂದ ಹಿಂದಕ್ಕೆ ಇಳಿಜಾರು ಮಾಡಿ, ಗಂಜಲವನ್ನು ಒಂದು ತೊಟ್ಟಿಯಲ್ಲಿ ಹಿಡಿದು ಗೊಬ್ಬರದ ಗುಂಡಿಗೆ ಹಾಕುವ ರೈತನು ಒಂದೇ ಕೆಲಸದಿಂದ ಎರಡು ಲಾಭಗಳನ್ನು ಪಡೆಯುವನು.

ಈ ಸೀಮೆಯ ಹಳೆಯ ಮನೆಗಳ ಒಳಗೂ ಅಂಗಳದಲ್ಲಿಯೂ ಜೋಳ ತುಂಬುತ್ತಿದ್ದ ಹಗೇವುಗಳಿರುವುದುಂಟು. ಉಪಯೋಗವಿಲ್ಲದೆ ಬಿಟ್ಟ ಹಗೇವಿಗೆ ನೀರು ನುಗ್ಗಿದರೆ ಅದರ ಪಕ್ಕಗಳು ಕುಸಿದು ಮೇಲಿನ ಗೋಡೆಗೆ ಆಧಾರವಿಲ್ಲದಂತಾಗುವುದು. ಇಂತಹವನ್ನು ಹುಡುಕಿ, ಗರಸನ್ನು ಅರ್ಧ ಅಡಿಯ ಪದರಗಳಾಗಿ ಹಾಕಿ ದಿಮ್ಮಸು ಹೊಡೆದು ತುಂಬಿಸುವುದು ಕ್ಷೇಮಕರ. ಬಹುಕಾಲ ಮುಚ್ಚಿದ್ದ ಹಗೇವಿನೊಳಗೆ ವಿಷವಾಯು ತುಂಬಿರುವುದರಿಂದ ಬಾಯಿ ತೆರೆದೊಡನೆ ಯಾರೂ ಇಳಿಯಕೂಡದು. ಮೇಲಿನಿಂದಲೇ ತುಂಬಿಸುವುದು ಸುರಕ್ಷಿತವಾದ ಮಾರ್ಗವು.

ಇಟ್ಟಿಗೆಯ ಸಂದಿನಲ್ಲಿ ಹುಟ್ಟಿದ ಅರಳಿ, ಆಲ, ಅತ್ತಿಯ ಸಸಿಗಳನ್ನು ಬೆರಳಿನಷ್ಟಿರುವಾಗಲೇ ಬೇರು ಸಮೇತ ತೆಗೆಯಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವಂತೆ ಬಿಡಬಾರದು. ಬೆಳೆದುಬಿಟ್ಟ ಗಿಡವನ್ನು ಎಳೆದು ಕಿತ್ತರೆ ಗೋಡೆಯೇ ಬಿಚ್ಚಿಬರುವುದು. ಅದನ್ನು ಕತ್ತರಿಸಿ, ಬೇರು ಸತ್ತ ಮೇಲೆ ಇಟ್ಟಿಗೆಗಳನ್ನು ಬಿಡಿಸಿ ತೆಗೆದು ಪುನಃ ಕಟ್ಟತಕ್ಕದ್ದು.

ದುರಸ್ತು ಮಾಡುವ ಕ್ರಮ

ನೀರನ್ನು ತಿರುಗಿಸಿ ಒಂದು ಬೇಸಗೆ ಗೋಡೆಯನ್ನು ಆರಲು ಬಿಟ್ಟ ಮೇಲೆಯೇ ದುರಸ್ತಿಗೆ ಕೈಹಚ್ಚಬೇಕು. ಅರಳಿದ ಉಪ್ಪನ್ನು ನೀರಿನಿಂದ ತೊಳೆದರೆ ಅದು ಕರಗಿ ಪುನಃ ಒಳಕ್ಕೇ ಹೋಗುವುದು. ಅದನ್ನು ಒಣಗಿದ ಪೊರಕೆಯಿಂದ ಗುಡಿಸಿ, ಗೋಣಿಯ ಮೇಲೆ ಹಿಡಿದು ದೂರ ಚೆಲ್ಲತಕ್ಕದ್ದು.

ಸಂದುಗಳಲ್ಲಿ ಸತ್ವಗುಂದಿದ ಗಾರೆಯನ್ನು ಒಂದು ಅಂಗುಲ ಆಳದವರೆಗೆ ಕೆರೆದು ತೆಗೆದು, ಧೂಳನ್ನು ಝಾಡಿಸಿ, ಸ್ವಲ್ಪ ತೇವ ಮಾಡಿ ಹೊಸ ಗಾರೆಯನ್ನು ಒತ್ತಿ ತುಂಬಬೇಕು. ಒಂದು ಪಾಲು ಅರಳಿಸಿದ ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ತೊಳೆದ ಮರಳು ಸೇರಿಸಿ ಚೆನ್ನಾಗಿ ಅರೆದ ಗಾರೆಯು ಇದಕ್ಕೆ ಯೋಗ್ಯವಾದುದು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಎರಡು ವಾರವಾದರೂ ನೆನೆಯಿಡಬೇಕು. ಅರಳಿಸುವಾಗ ಅದು ಕುದಿದು ಸಿಡಿಯುವುದರಿಂದ ಕಣ್ಣುಗಳನ್ನು ಕಾಪಾಡಿಕೊಳ್ಳಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು. ಹೆಚ್ಚು ಸುಟ್ಟು ಕಪ್ಪಾದ ಇಟ್ಟಿಗೆಯ ಪುಡಿಯು ಸುರ್ಕಿಗೆ ಬಾರದು. ತುಂಬಿದ ಗಾರೆಯನ್ನು ಒದ್ದೆ ಗೋಣಿಯಿಂದ ಒಂದು ವಾರಕ್ಕೆ ಕಡಿಮೆಯಿಲ್ಲದೆ ಮುಚ್ಚಿಡತಕ್ಕದ್ದು.

ಪುಡಿಯಾದ ಇಟ್ಟಿಗೆಗಳನ್ನು ಬದಲಾಯಿಸಬೇಕಾದರೆ ಒಮ್ಮೆಗೇ ಉದ್ದಕ್ಕೂ ಬಿಚ್ಚಕೂಡದು. ಎರಡು ಮೂರು ಅಡಿಯಷ್ಟನ್ನು ಬಿಚ್ಚಿ ಕಟ್ಟಿ, ಅದು ಗಟ್ಟಿಯಾಗುವವರೆಗೆ ಅದರ ಪಕ್ಕದ ಭಾಗವನ್ನು ಮುಟ್ಟದೆ, ಒಂದು ಬಿಟ್ಟು ಒಂದರಂತೆ ಕೆಲಸವನ್ನು ನಡೆಯಿಸಬೇಕು. ಪಾಯವನ್ನು ನೋಡುವುದಕ್ಕಾಗಿ ಅಗೆಯುವಾಗಲೂ ಇದೇ ನಿಯಮವು. ಹೊಸ ಇಟ್ಟಿಗೆಗಳಲ್ಲಿ ಒಂದನ್ನು ಒಣಗಿದಾಗ ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟು ಪುನಃ ತೂಗಬೇಕು. ಮೂರು ಕಿಲೋ ಇದ್ದುದು ಮೂರು ಕಿಲೋ ಆರುನೂರು ಗ್ರಾಮಿಗೆ ಮೀರಿದರೆ, ಎಂದರೆ ನೂರಕ್ಕೆ ಇಪ್ಪತ್ತರಷ್ಟಕ್ಕಿಂತ ಹೆಚ್ಚು ನೀರು ಕುಡಿದರೆ, ಅದು ಪಾಯದ ಕೆಲಸಕ್ಕೆ ಬಾರದು.

ಸಿಮೆಂಟಿನ ವಿಷಯ

ಸಿಮೆಂಟು ಹೊಸ ಕಟ್ಟಡಗಳಿಗೆ ಒಳ್ಳೆಯ ಸಾಮಗ್ರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸುಣ್ಣದಿಂದಲೋ ಮಣ್ಣಿನಿಂದಲೋ ಕಟ್ಟಿದ ಹಳೆಯ ಇಟ್ಟಿಗೆಯ ಗೋಡೆಗೆ ಅದನ್ನು ಬಳಿಯುವುದು ಬೆವರುವವನಿಗೆ ಮೇಣಗಪ್ಪಡವನ್ನು ಹೊದಿಸಿದಂತೆ. ಗೋಡೆಯ ತೇವವು ಹೊರಕ್ಕೆ ಆರಲಾರದೆ ಸಿಮೆಂಟಿನ ಹಿಂದೆ ಮೇಲಕ್ಕೆ ಏರುವುದು. ಎರಡಡಿಯಲ್ಲಿ ಇದ್ದ ತೇವವು ನಾಲ್ಕಡಿಗೆ ಹೋಗುವುದು. ಒಂದೆರಡು ವರ್ಷ ಗೋಡೆಯು ಅಂದವಾಗಿ ಕಾಣುವುದು. ಆಮೇಲೆ ಸಿಮೆಂಟಿನ ಹೆಕ್ಕಳವು ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬೀಳುವುದು. ಸುಣ್ಣದ ಗಿಲಾವಾದರೋ ತೇವವನ್ನು ಹೊರಕ್ಕೆ ಬಿಡುವುದು. ಉಪ್ಪು ಇಟ್ಟಿಗೆಯಲ್ಲಿ ನಿಲ್ಲದೆ ಗಿಲಾವಿಗೆ ಬಂದು ಸೇರುವುದು. ಕೆಲವು ವರ್ಷಗಳಿಗೊಮ್ಮೆ ಗಿಲಾವನ್ನು ಕೆರೆದು ಹೊಸದಾಗಿ ಮಾಡಿಸಿದರೆ ಇಟ್ಟಿಗೆಯು ಉಳಿಯುವುದು.

ಊರಿನ ಹಿರಿಯರು ಮಾಡಬೇಕಾದುದು

ಮೇಲೆ ಹೇಳಿದ ಕೆಲಸಗಳನ್ನು ಆಯಾ ಮನೆಯವರು ಮಾಡಿಕೊಳ್ಳಬಹುದು. ಆದರೆ ಎರಡು ವಿಷಯಗಳು ಒಬ್ಬೊಬ್ಬರ ಕೈಯಲ್ಲಿ ಆಗತಕ್ಕವಲ್ಲ. ಮೊದಲನೆಯದು ಬೀದಿಯ ಮಟ್ಟ. ಹಳೆಯ ರಸ್ತೆಯನ್ನು ತೆಗೆಯದೆ ಅದರ ಮೇಲೆಯೇ ಕಾಂಕ್ರೀಟು ಹಾಕುತ್ತ ಬಂದರೆ ಬೀದಿಯು ಮನೆಗಳ ಹೊಸ್ತಿಲಿಗಿಂತ ಎತ್ತರವಾಗಿ, ಊರಿನ ನೀರೆಲ್ಲವೂ ಬಡವರ ಮನೆಗಳ ಬುಡಕ್ಕೆ ತಿರುಗುವುದು. ಆದುದರಿಂದ ಪಂಚಾಯಿತಿಯಲ್ಲಿ ರಸ್ತೆಯ ಕೆಲಸವು ಗೊತ್ತಾದಾಗ, ಹಳೆಯ ಪದರವನ್ನು ಅಗೆದು ತೆಗೆದು, ಎಲ್ಲಕ್ಕಿಂತ ತಗ್ಗಾದ ಮನೆಯ ಜಗಲಿಗಿಂತಲೂ ಕೆಳಗೆ ರಸ್ತೆಯ ಮಟ್ಟವನ್ನು ಹಿಡಿಯಬೇಕೆಂದೂ, ಚರಂಡಿಯನ್ನು ರಸ್ತೆಗಿಂತ ಮೊದಲು ಕಟ್ಟಬೇಕೆಂದೂ ಹಿರಿಯರು ಒತ್ತಿ ಹೇಳತಕ್ಕದ್ದು.

ಎರಡನೆಯದು ನೆರೆಹೊರೆಯ ನೀರು. ಒಬ್ಬನ ಹರನಾಳಿಗೆಯ ನೀರು ಮತ್ತೊಬ್ಬನ ಗೋಡೆಗೆ ಬೀಳುವುದರಿಂದ ಹುಟ್ಟುವ ಜಗಳಗಳು ಗೋಡೆಗಳಿಗಿಂತಲೂ ಹೆಚ್ಚು ಕಾಲ ನಿಲ್ಲುವುವು. ಇಬ್ಬರನ್ನೂ ಕೂಡಿಸಿ, ಎರಡು ಮನೆಗಳ ನಡುವಣ ಸಂದಿಯಲ್ಲಿ ಒಂದೇ ಕಾಲುವೆಯನ್ನು ಇಬ್ಬರ ಖರ್ಚಿನಿಂದ ಕಟ್ಟಿಸಿದರೆ ಎರಡು ಗೋಡೆಗಳೂ ಉಳಿಯುವುವು, ಸ್ನೇಹವೂ ಉಳಿಯುವುದು.

ಕಾಲವನ್ನು ಗೊತ್ತುಮಾಡಿಕೊಂಡು ಕೆಲಸ ಮಾಡುವುದು ಲೇಸು. ಸುಗ್ಗಿ ಮುಗಿದು ಕೈ ಬಿಡುವಾಗುವ ಮಾಘ ಫಾಲ್ಗುಣ ಮಾಸಗಳಲ್ಲಿ ಅಗೆತ, ಇಟ್ಟಿಗೆ, ಗಾರೆಯ ಕೆಲಸಗಳನ್ನು ಮುಗಿಸಬೇಕು. ಭರಣಿ ಮಳೆಗೆ ಮೊದಲು ಮಾಳಿಗೆಯನ್ನೂ ಹರನಾಳಿಗೆಗಳನ್ನೂ ಸರಿಪಡಿಸಬೇಕು. ಹುಬ್ಬೆ ಮಳೆಗೆ ಮುಂಚೆ ಕಾಲುವೆಗಳ ಹೂಳನ್ನು ತೆಗೆಯಿಸಬೇಕು. ಇವುಗಳಲ್ಲಿ ಬಹುಪಾಲು ಕೆಲಸಕ್ಕೆ ಬೇಕಾದುದು ಹಣವಲ್ಲ. ಒಂದು ಸಲಿಕೆ, ಒಂದು ದಿಮ್ಮಸು, ನಾಲ್ಕು ದಿನಗಳ ಮೈದುಡಿಮೆ. ಹಿರಿಯರು ಮೊದಲು ತಮ್ಮ ಮನೆಯ ಹರನಾಳಿಗೆಯನ್ನು ಸರಿಪಡಿಸಿ, ತಮ್ಮ ತಿಪ್ಪೆಯನ್ನು ಗೋಡೆಯಿಂದ ದೂರ ಮಾಡಿ ಮೇಲ್ಪಂಕ್ತಿಯನ್ನು ಹಾಕಿದರೆ ಊರಿನವರು ಅದನ್ನು ತಾವಾಗಿಯೇ ಅನುಸರಿಸುವರು. ಹಾಗಾದಾಗ ಮುಂದಿನ ಹಸ್ತ ಚಿತ್ತೆಯ ರಾತ್ರಿಗಳಲ್ಲಿ ಮಳೆಯ ಸದ್ದನ್ನು ಕೇಳುತ್ತ ರೈತನು ತನ್ನ ಹೊಲವನ್ನು ನೆನೆದು ಸಂತೋಷಪಡಬಹುದಲ್ಲದೆ, ಮಕ್ಕಳು ಮಲಗಿರುವ ಗೋಡೆಯ ಕಡೆಗೆ ದಿಗಿಲಿನಿಂದ ನೋಡಬೇಕಾದ ಅವಶ್ಯಕತೆಯಿರಲಾರದು.